ಬಿಚ್ಚಬಾರದ ಮ್ಯಾಗ್ನೆಟ್ಟು

ಹೊಸ ನಮೂನೆಯ ಮ್ಯಾಗ್ನೆಟ್ಟು ಬಂದು ವ್ಯಾಪಾರ ಕೆಟ್ಟಿತು, ಅದಕ್ಕೇ ಸ್ಪೀಕರ್ ಅಂಗಡಿಯ ಅಣ್ಣ ಶಟರ್ ಎಳೆದರು ಎಂದು ಮುಳಬಾಗಿಲಿನಲ್ಲಿ ಈಗಲೂ ಹೇಳುತ್ತಾರೆ. ಸುಳ್ಳು. ಅಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ. ಆಗ ಅದು ನನಗೊಬ್ಬಳಿಗೆ ಗೊತ್ತಿತ್ತು. ನನ್ನ ತಪ್ಪು ಮುಚ್ಚಿಕೊಳ್ಳಲು ಹೋಗಿ ನಾನು ಅವರನ್ನು ಸಿಕ್ಕಿಸಿಬಿಟ್ಟೆ. ನಡೆದದ್ದು ಅಷ್ಟೇ.

ಮೊನ್ನೆ ಪಕ್ಕದ ಮನೆಯ ಗೇಟಿಗೆ ಬಣ್ಣ ಹೊಡೆಯುವವರು ತಿನ್ನರ್ ಡಬ್ಬಿ ತೆರೆದರು. ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. ಕೈಯಲ್ಲಿ ಮುದ್ದೆ ಕೋಲು ಹಿಡಿದವಳು ಹಾಗೇ ನಿಂತುಬಿಟ್ಟೆ… ಆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಇದೇ ವಾಸನೆ. ಸುಟ್ಟ ಸ್ಪೀಕರಿನ ಹಳೇ ಅಂಟನ್ನು ತಿನ್ನರಿನಲ್ಲಿ ನೆನೆಸಿ ಕೆರೆದರೇನೇ ಹೊಸ ಕಾಯಿಲ್ ಕೂರುವುದು.

ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಒಂದೇ ಶಟರ್, ಕಿಟಕಿ ಇಲ್ಲ. ಮುಂದೆ ಅಣ್ಣನ ಮೇಜು, ಕುರ್ಚಿ. ಅದರ ಹಿಂದೆ ಗೋಡೆಗೆ ಒತ್ತಿಕೊಂಡು ನನ್ನ ಸ್ಟೂಲು. ನಾನು ಎದ್ದು ಹೊರಗೆ ಬರಬೇಕೆಂದರೆ ಅಣ್ಣ ಎದ್ದು ಕುರ್ಚಿ ಸರಿಸಬೇಕು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಗೂಡಿನಿಂದ ರೇಷ್ಮೆ ನೂಲು ತೆಗೆದು ಪಳಗಿದ ಕೈ. ಹಿಡಿಕೆ ತಿರುಗಿಸುವ ಪುಟ್ಟ ಯಂತ್ರದಲ್ಲಿ ಕೂದಲಿನಂಥ ತಾಮ್ರದ ತಂತಿಯನ್ನು ಒಂದರ ಮೇಲೊಂದು ಏರದ ಹಾಗೆ ಸುತ್ತಿ ಕಾಯಿಲ್ ಮಾಡುತ್ತಿದ್ದೆ. ಅದಕ್ಕೇ ಇಟ್ಟುಕೊಂಡಿದ್ದರು.

ಮ್ಯಾಗ್ನೆಟ್ಟಿನ ಜಾತಿಗಳನ್ನು ಹೇಳಿಕೊಟ್ಟವರೂ ಅವರೇ.

"ನೋಡು ಅಮ್ಮಣ್ಣಿ, ಈ ಕರೀದು ಎಮ್ಮೆ ಇದ್ದಂಗೆ. ತೂಕ ಜಾಸ್ತಿ, ರೇಟು ಕಮ್ಮಿ, ಏನು ಮಾಡಿದ್ರೂ ಸಹಿಸ್ಕೊಂತದೆ. ಈ ಬೆಳ್ಳಗಿರೋ ಹೊಸಾದು ಬಿಲ್ಲೆಯಷ್ಟೇ ಇದ್ರೂ ರಾಕ್ಷಸನಂಗೆ ಎಳೀತದೆ. ಕಾಯಿಲ್ ಕಾದ್ರೆ ಮಾತ್ರ ಸುಸ್ತಾಗೋಗ್ತದೆ." ಮೂರನೆಯದನ್ನು ಎರಡೂ ಕೈಯಲ್ಲಿ ಎತ್ತಿದರು. "ಇದು ಅಲ್ನಿಕೋ, ನಮ್ಮಪ್ಪನ ಕಾಲದ್ದು. ಸ್ವರ ಬೆಣ್ಣೆ. ಈ ಕಬ್ಬಿಣದ ಬಟ್ಟಲೊಳಗೆ ಇರೋ ತನಕ ರಾಜ. ಈಚೆಗೆ ತೆಗೆದ್ಯೋ, ಅರ್ಧ ಜೀವ ಹೋಯ್ತು. ತಿರುಗಿ ಒಳಗೆ ಕೂರಿಸಿದ್ರೂ ಬರಲ್ಲ."

"ಹೆಂಗಸರಂಗೆ ಅನ್ನಿ. ಮನೆಯೊಳಗೇ ಇರ್ಬೇಕು."

"ನೀನು ಈಚೆಗೆ ಬಂದ ಮೇಲೇನೇ ಜೋರಾಗಿರೋದು, ಸುಮ್ಕಿರು!"

ಮದುವೆ ಮನೆಗಳಲ್ಲಿ ಮೈಕಿನ ಹಾರನ್‌ಗಳ ಎದುರು ನಿಂತೂ ನಿಂತೂ ಅವರ ಕಿವಿ ಹೋಗಿತ್ತು. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಒಮ್ಮೆ ಕಾಯಿಲ್ ಗರಗರ ಎಂದು ಉಜ್ಜುತ್ತಿದ್ದರೂ ಗಿರಾಕಿಗೆ "ಸರಿಯಾಗೈತೆ" ಎಂದರು. ನಾನು ಸುತ್ತುತ್ತಿದ್ದ ಹಿಡಿಕೆ ತನ್ನಿಂದ ತಾನೇ ನಿಂತಿತು. ಅಣ್ಣ ನನ್ನ ಕೈ ನೋಡಿದರು. "ಇರಪ್ಪಾ, ಇನ್ನೊಂದ್ಸಲ ನೋಡ್ತೀನಿ" ಎಂದು ಸ್ಪೀಕರ್ ಕೆಳಗಿಳಿಸಿದರು. ಅಂದಿನಿಂದ ಅದೇ ರೂಢಿಯಾಯಿತು. ಸ್ವರ ಸರಿಯಿದ್ದರೆ ನಾನು ಸುತ್ತುತ್ತಲೇ ಇರಬೇಕು, ಕೆಟ್ಟಿದ್ದರೆ ನಿಲ್ಲಿಸಬೇಕು. ಈ ಬಗ್ಗೆ ನಾವಿಬ್ಬರೂ ಒಂದು ದಿನವೂ ಬಾಯಿ ಬಿಟ್ಟು ಮಾತಾಡಲಿಲ್ಲ. ಶ್ರೀನಿವಾಸಪುರ, ಮಾಲೂರಿನಿಂದ ಜನ ಬರುತ್ತಿದ್ದದ್ದೇ ಅವರ ಕಿವಿ ನಂಬಿ. ಆ ಹೆಸರು ಹೋದರೆ ಅಂಗಡಿಯೂ ಇಲ್ಲ, ನನ್ನ ಸ್ಟೂಲೂ ಇಲ್ಲ.

ದೇವರಾಯಸಮುದ್ರದ ಮೈಕ್‌ಸೆಟ್ಟಿನವನು ಅವನ ತಾತನ ಕಾಲದ ಅಲ್ನಿಕೋ ಸ್ಪೀಕರ್ ತಂದುಕೊಟ್ಟಿದ್ದ. ಕಾಯಿಲ್ ಕೂರುವ ಸಂದಿಯಲ್ಲಿ ಕಬ್ಬಿಣದ ಪುಡಿ ಕಚ್ಚಿಕೊಂಡಿತ್ತು. ಅದನ್ನು ಅಂಟುಪಟ್ಟಿಯಲ್ಲಿ ಒತ್ತಿ ಒತ್ತಿ ತೆಗೆಯಬೇಕು, ಅರ್ಧ ದಿನದ ಕೆಲಸ. ಅಣ್ಣ ಊಟಕ್ಕೆ ಹೋಗಿದ್ದರು. ಕರೀ ಮ್ಯಾಗ್ನೆಟ್ಟಿನವನ್ನು ಎಷ್ಟು ಬಿಚ್ಚಿಲ್ಲ ನಾನು? ನಾಲ್ಕು ಬೋಲ್ಟು ತಿರುಗಿಸಿದೆ. ಮ್ಯಾಗ್ನೆಟ್ಟನ್ನು ಹೊರಗೆಳೆದೆ, ಒರೆಸಿದೆ, ಮತ್ತೆ ಕೂರಿಸಿದೆ. ಬಿಚ್ಚುವ ಮುಂಚೆ ಸ್ಕ್ರೂಡ್ರೈವರನ್ನು ಕಿತ್ತುಕೊಳ್ಳುವಂತೆ ಎಳೆಯುತ್ತಿದ್ದದ್ದು, ಈಗ ಹಿಡಿದುಕೊಂಡಿತು, ಅಷ್ಟೇ. ಕಿತ್ತರೆ ಬಂತು.

ಸಂಜೆ ಗಿರಾಕಿ ಬಂದ. ಅಣ್ಣ ಹೊಸ ಕಾಯಿಲ್, ಕಾಗದದ ಕೋನು ಕೂರಿಸಿ ಹಾಡು ಹಾಕಿದರು. ಸ್ವರ ಪಕ್ಕದ ಬೀದಿಯಿಂದ ಬಂದ ಹಾಗಿತ್ತು. ಅಣ್ಣ ನನ್ನ ಕೈ ನೋಡಿದರು.

ನಾನು ಸುತ್ತುತ್ತಲೇ ಇದ್ದೆ.

ಅವನು ನಾಲ್ಕನೇ ದಿನಕ್ಕೆ ವಾಪಸ್ ಬಂದ. ಜೊತೆಗೆ ಮೂರು ಸ್ಪೀಕರ್, ಇಬ್ಬರು ಸ್ನೇಹಿತರು.

"ಏಂದನ್ನಾ ಇದಿ, ಏನಣ್ಣಾ ಇದು?" ಎಂದು ತೆಲುಗು ಬೆರೆಸಿ ಕೂಗಿದ. "ನಮ್ಮ ತಾತನ ಸ್ಪೀಕರ್‌ಗೆ ಗಂಟ್ಲು ಕಟ್ಟೋಗೈತೆ!"

"ನನ್ನ ಕಿವಿಯಾರೆ ಕೇಳಿ ಕೊಟ್ಟಿದ್ದೀನಪ್ಪಾ. ನಿನ್ನ ಆಂಪ್ಲಿಫೈಯರ್ ನೋಡ್ಕೋ."

"ಹಂಗಾರೆ ಆ ಪಕ್ಕದ ಗೋಡೆಗೆ ತಿರುಗಿ ನಿಂತ್ಕೋ. ಕರೀದು, ಹೊಸಾದು, ನಮ್ಮ ಹಳೇದು ಮೂರೂ ಹಾಕ್ತೀನಿ. ಯಾವುದು ಯಾವುದು ಹೇಳು. ಹೇಳಿದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ."

ಬೇಡ ಎನ್ನಲು ಅಣ್ಣನಿಗೆ ದಾರಿಯಿರಲಿಲ್ಲ. ಓಣಿಯ ಜನ ಶಟರ್ ಹತ್ತಿರ ಸೇರಿದ್ದರು. ತಿರುಗಿ ನಿಂತರು. ಈಗ ಅವರಿಗೆ ನನ್ನ ಕೈ ಕಾಣುತ್ತಿರಲಿಲ್ಲ. ನಾನಾದರೂ ಎಲ್ಲಿ ಹೋಗಲಿ? ಮುಂದೆ ಕುರ್ಚಿ, ಹಿಂದೆ ಗೋಡೆ. ಹಿಡಿಕೆ ತಿರುಗಿಸುತ್ತಿದ್ದೆ, ಅದರಲ್ಲಿ ತಂತಿಯೇ ಇಲ್ಲ ಎಂಬುದು ಆಮೇಲೆ ತಿಳಿಯಿತು.

ಮೊದಲನೆಯದಕ್ಕೆ "ಕರೀದು" ಎಂದರು. ಸರಿಯಾಗಿತ್ತು. ಮೇಜಿನ ಮೇಲೆ ಅಂಗೈ ಊರಿದ್ದರು, ಅದರ ಅದುರು ಅವರಿಗೆ ಗೊತ್ತಾಗಿತ್ತು. ಅವನೂ ಅದನ್ನು ನೋಡಿಬಿಟ್ಟ.

"ಕೈ ತೆಗಿ ಅನ್ನಾ" ಎಂದು ಅಣ್ಣನ ಮಣಿಕಟ್ಟು ತಟ್ಟಿದ.

ಅಣ್ಣ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವನು ಎರಡನೆಯದನ್ನು ಹಾಕಲಿಲ್ಲ. ಸುಮ್ಮನೆ ತಂತಿ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಅಂಗಡಿಯಲ್ಲಿ ಒಂದು ಸದ್ದಿಲ್ಲ. ಬಿಚ್ಚಿದ್ದು ನಾನು ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಿಡಿಕೆ ತಿರುಗಿಸುತ್ತಲೇ ಇದ್ದೆ.

ಅಣ್ಣ ತಲೆ ಓರೆ ಮಾಡಿ, ಕೇಳಿಸಿಕೊಳ್ಳುವವರಂತೆ ಸ್ವಲ್ಪ ಹೊತ್ತು ನಿಂತರು. "ಇದು ಹಳೇದು" ಎಂದರು. "ಬೆಣ್ಣೆಯಂಗೈತೆ ನೋಡು ಸ್ವರ."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಮೈಕ್‌ಸೆಟ್ಟಿನವನು ನಗಲಿಲ್ಲ. "ಅಯ್ಯೋ ಅನ್ನಾ…" ಎಂದವನೇ ಸ್ಪೀಕರ್‌ಗಳನ್ನು ಎತ್ತಿಕೊಂಡು, "ಇದನ್ನ ಯಾರೂ ಹೊರಗೆ ಆಡ್ಬಾರ್ದು" ಎಂದು ನಕ್ಕವನನ್ನು ಬೈಯುತ್ತಾ ಹೊರಟುಹೋದ.

ಎಲ್ಲರೂ ಹೋದ ಮೇಲೆ ಅಣ್ಣ ನನ್ನ ಎದುರಿಗೆ ಕೂತರು. ನನ್ನ ಬಾಯನ್ನೇ ನೋಡುತ್ತಾ ಕೇಳಿದರು.

"ಬಿಚ್ಚಿದ್ಯಾ ಅಮ್ಮಣ್ಣಿ?"

"ಬಿಚ್ಚಿದೆ."

"ಅವತ್ತೇ ಹೇಳಿದ್ರೆ ಒಂದು ಸ್ಪೀಕರ್ ಹೋಗ್ತಿತ್ತು. ಅಷ್ಟೇ."

ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದೆ. ಬೈಯಲಿಲ್ಲ. ಎದ್ದು ಕುರ್ಚಿ ಸರಿಸಿ ದಾರಿ ಬಿಟ್ಟರು.

ಅಣ್ಣ ಈಗ ಇಲ್ಲ. ಅವರು ಹೋದ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಅಳಲಿಲ್ಲ. ಅತ್ತರೆ ಯಾರಿಗೆ ಏನು ಬಂತು? ಅಂಗಡಿ ಇದ್ದ ಕಡೆ ಮೊಬೈಲಿನ ಕವರು ಮಾರುತ್ತಾರೆ. ಈಗಿನ ಚಿಕ್ಕ ಸ್ಪೀಕರ್‌ಗಳಲ್ಲಿ ಎಲ್ಲ ಆ ಬಿಲ್ಲೆಯಂಥ ಮ್ಯಾಗ್ನೆಟ್ಟೇ. ಕೆಟ್ಟರೆ ಎಸೆಯುತ್ತಾರೆ, ಸುತ್ತಿಕೊಡಿ ಎಂದು ಯಾರೂ ತರುವುದಿಲ್ಲ. ನನ್ನ ಎಡಗೈ ಬೆರಳು ಮಾತ್ರ ಇನ್ನೂ ಕೆಲವು ಸಲ ತನ್ನಷ್ಟಕ್ಕೆ ತಂತಿ ಹಿಡಿದ ಹಾಗೆ ಮಡಚಿಕೊಳ್ಳುತ್ತದೆ…

ಆ ಪರೀಕ್ಷೆಯ ದಿನ ಅಣ್ಣ ಎಳೆದ ಶಟರ್ ಮತ್ತೆ ಏಳಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಅವರ ಮನೆಯ ಬೀದಿಯ ತನಕ ಹೋದೆ. ಅಲ್ಲಿಂದಲೇ ತಿರುಗಿಕೊಂಡೆ. ಕೋಲಾರದ ಬಸ್ಸು ಹತ್ತಿ, ಅಲ್ಲಿ ಕಾಯಿಲ್ ಸುತ್ತಿಸುವ ಇನ್ನೊಂದು ಅಂಗಡಿಗೆ ಹೋಗಿ ಕೆಲಸ ಕೇಳಿದೆ. ಯಜಮಾನ ನನ್ನ ಕೈ ನೋಡಿ ಒಪ್ಪಿಕೊಂಡ. "ಸೌಂಡು ಚೆಕ್ ಮಾಡೋಕೂ ಬರ್ತದೇನಮ್ಮಾ?" ಎಂದು ಕೇಳಿದ.

"ಇಲ್ಲ ಸ್ವಾಮಿ" ಎಂದೆ. "ನಂಗೆ ಕಿವಿ ಮಂದ."