ಅಪ್ಪ ವೈರಿಂಗ್ ಮಾಡಿದ ಡಬ್ಬ

ದುಬೈ ಬಿಟ್ಟು ಹೊರಟಿದ್ದ ಅಮೆರಿಕನ್ ಕುಟುಂಬವೊಂದರಿಂದ ನನ್ನ ಗಂಡ ಹಳೆಯ ಕ್ಯಾರವಾನ್ ಕೊಂಡು ತಂದ ದಿನ ನಾನು ಇವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಕಾರಿನ ಹಿಂದೆ ಕಟ್ಟಿ ಎಳೆಯುವ, ಎರಡು ಮಂಚ, ಒಂದು ಒಲೆ ಇರುವ ತಗಡಿನ ಡಬ್ಬ. ನಮ್ಮದೋ ಡಿಸ್ಕವರಿ ಗಾರ್ಡನ್ಸ್‌ನ ಸಣ್ಣ ಫ್ಲ್ಯಾಟು. ಅಲ್ಲಿ ಕಾರು ನಿಲ್ಲಿಸುವುದಕ್ಕೇ ದಿನಾ ಪರದಾಟ. ಕೊನೆಗೆ ಅದನ್ನು ಅಲ್ ಕುಸೈಸ್‌ನಲ್ಲಿ ಇವರ ಸ್ನೇಹಿತರ ಗೋದಾಮಿನ ಅಂಗಳದಲ್ಲಿ ನಿಲ್ಲಿಸಿದೆವು.

ಅಪ್ಪ ಆಗ ವಿಸಿಟ್ ವೀಸಾದಲ್ಲಿ ನಮ್ಮೊಂದಿಗಿದ್ದರು. ಒಂದು ಕಾಲದಲ್ಲಿ ಇದೇ ದೇಶದ ಅಬುಧಾಬಿಯಲ್ಲಿ ಕಟ್ಟಡಗಳಿಗೆ ವೈರಿಂಗ್ ಮಾಡುತ್ತ ಆಯುಷ್ಯ ಕಳೆದವರು. ಸುಮ್ಮನೆ ಕೂರಲು ಬಾರದ ಜೀವ. ನಮ್ಮ ಮನೆಯ ಸ್ವಿಚ್ಚುಗಳನ್ನೆಲ್ಲ ಬಿಚ್ಚಿ ಬಿಗಿ ಮಾಡಿ ಮುಗಿಸಿ, ಪಕ್ಕದ ಮನೆಯವರ ಕಾಲಿಂಗ್ ಬೆಲ್ ಮೇಲೆ ಕಣ್ಣು ಹಾಕಿದ್ದರು. ಡಬ್ಬದ ವೈರಿಂಗ್ ಪೂರ್ತಿ ಬದಲಿಸಬೇಕು ಎಂದು ಇವರು ಬಾಯಿ ತೆರೆದದ್ದೇ ತಡ, ಅಪ್ಪ ಶರ್ಟು ಹಾಕಿಕೊಂಡು ಹೊರಟು ನಿಂತರು. ಅವರ ಕೈ ಈಚೆಗೆ ತುಸು ನಡುಗುತ್ತಿತ್ತು. ನಾವು ಕಂಡೂ ಕಾಣದಂತಿದ್ದೆವು. ಈ ಕೆಲಸ ತನ್ನಿಂದ ಇನ್ನೂ ಆಗುತ್ತದೆಯೇ ಎಂಬುದೊಂದೇ ಅವರಿಗೆ ಗೊತ್ತಾಗಬೇಕಿತ್ತು.

ರಜೆಯ ದಿನಗಳಲ್ಲೆಲ್ಲ ಅಲ್ಲಿಗೆ ಹೋಗತೊಡಗಿದೆವು. ಇವರು ಗೋಡೆಯ ಪ್ಲೈವುಡ್ ಬಿಚ್ಚುವುದು, ಅಪ್ಪ ವೈರು ಎಳೆಯುವುದು, ನಾನು ಟಾರ್ಚು ಹಿಡಿದು ಇಬ್ಬರನ್ನೂ ಬೈಯುವುದು. ಅಮೆರಿಕದ ನೂರಹತ್ತು ವೋಲ್ಟಿನ ಎ.ಸಿ. ಕಿತ್ತು ಇಲ್ಲಿಯದನ್ನು ಕೂರಿಸಿದೆವು. ಒಲೆಯ ಹಿಂದೆ ಒಂದು ಕಡೆ ಮಾತ್ರ ಹಳೆಯ ವೈರು ಎಷ್ಟು ಎಳೆದರೂ ಬರಲಿಲ್ಲ. ಗಟ್ಟಿಯಾಗಿದೆ, ಇರಲಿ ಎಂದು ಅಪ್ಪ ಅದರ ತುದಿಗೇ ಹೊಸದನ್ನು ಜೋಡಿಸಿದರು.

ಗೋದಾಮಿನಿಂದ ಕರೆಂಟು ಕೊಟ್ಟೆವು. ಎಲ್ಲಾದರೂ ಸೋರಿಕೆಯಿದ್ದರೆ ಕರೆಂಟು ಕಡಿಯುವ ಇಎಲ್‌ಸಿಬಿ ಸ್ವಿಚ್ಚು ಟಕ್ಕನೆ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಅಪ್ಪ ಮೀಟರ್ ಹಿಡಿದು ಹುಡುಕುತ್ತ ಹೋಗಿ ಆ ಹಳೆಯ ವೈರಿನ ಬಳಿ ಕುಸಿದು ಕೂತರು. ಅವರು ಕೆಲಸ ಕಲಿತ ಕಾಲದಲ್ಲಿ ಕೆಂಪು ಕರೆಂಟಿನ ತಂತಿ, ಕಪ್ಪು ನ್ಯೂಟ್ರಲ್. ಅಮೆರಿಕದವರಿಗೆ ಕಪ್ಪಿನಲ್ಲೇ ಕರೆಂಟು, ನ್ಯೂಟ್ರಲ್ ಬಿಳಿ. ಕಪ್ಪು ಕಂಡೊಡನೆ ಅಪ್ಪನ ಬೆರಳು ತನ್ನ ರೂಢಿಯಂತೆ ಕಪ್ಪಿಗೆ ನ್ಯೂಟ್ರಲನ್ನೂ ಬಿಳಿಗೆ ಕರೆಂಟನ್ನೂ ಜೋಡಿಸಿಬಿಟ್ಟಿತ್ತು. ಆ ಬಿಳಿ ತಂತಿಯೋ ಡಬ್ಬದ ತಗಡಿಗೇ ಬಿಗಿದಿತ್ತು. ಇಎಲ್‌ಸಿಬಿ ಇರದಿದ್ದರೆ ಬಾಗಿಲು ಮುಟ್ಟಿದವರ ಕಥೆ ಮುಗಿಯುತ್ತಿತ್ತು.

“ಖಲಾಸ್, ಮಗಾ. ಈ ಕೈಯನ್ನು ಇನ್ನು ನಂಬ್ಲಿಕ್ಕೆ ಆಗುದಿಲ್ಲ. ಬೇರೆ ಯಾರನ್ನಾದ್ರೂ ಕರೆಸಿ,” ಎಂದು ಅಪ್ಪ ನನಗೆ ಮೆಲ್ಲಗೆ ಹೇಳಿದರು.

ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ ಎಂದು ಇವರು ಒಳ್ಳೆಯ ಮನಸ್ಸಿನಿಂದಲೇ ಶುರುಮಾಡಿದರು. ನಾನು ಇವರತ್ತ ಕಣ್ಣು ಬಿಟ್ಟೆ, ಬಾಯಿ ಮುಚ್ಚಿಕೊಂಡರು. ನಮ್ಮಪ್ಪನದು ನಾಲ್ಕು ಮನೆಗೆ ಕೇಳುವ ದನಿ. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಸಂಕಟವಾಯಿತು, ಸಂಕಟವಾದರೆ ನನಗೆ ಬರುವುದು ಸಿಟ್ಟೇ. ಆ ಗೋಡೆಯನ್ನು ಕತ್ತರಿಸಿ, ಹಳೆಯದು ಒಂದು ಗೇಣೂ ಉಳಿಯಬಾರದು, ಮತ್ತೆ ನೀವೇ ಎಳೆಯಿರಿ ಎಂದು ರೇಗಿದೆ. ಅಪ್ಪ ಕಟ್ಟರ್ ಕೈಗೆತ್ತಿಕೊಂಡರು.

ಮುಂದಿನ ವಾರ ಕರೆಂಟು ಕೊಟ್ಟಾಗ ಇಎಲ್‌ಸಿಬಿ ಬೀಳಲಿಲ್ಲ. ವೈರಿಂಗ್ ಮಾಡಿದವನೇ ಮೊದಲು ಮುಟ್ಟಬೇಕು ಎನ್ನುವುದು ಅಪ್ಪನ ಕಾಲದವರ ಕಟ್ಟಳೆ. ಅದೂ ಅಂಗೈಯಿಂದಲ್ಲ, ಹಿಂಗೈಯಿಂದ. ಶಾಕ್ ಹೊಡೆದರೆ ಬೆರಳು ಹಿಡಿದುಕೊಂಡುಬಿಡಬಾರದಲ್ಲ. ಬಾಗಿಲು, ಒಲೆ, ನಲ್ಲಿ ಎಲ್ಲವನ್ನೂ ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು. ಆದರೂ ನಮ್ಮನ್ನು ಒಳಗೆ ಬಿಡಲೊಲ್ಲರು. ನಾಳೆ ಮತ್ತೊಂದು ಸಲ ನೋಡಿಯೇ ಎನ್ನುತ್ತ ಬಾಗಿಲಿಗೆ ಅಡ್ಡ ನಿಂತರು.

ನಾನು ಚಪ್ಪಲಿ ಕಳಚಿ, ಅವರನ್ನು ಸರಿಸಿ ಒಳಗೆ ಹೋದೆ. ಬೆನ್ನನ್ನು ಇನ್ನೂ ಪ್ಲೈವುಡ್ ಹೊದಿಸದ ತಗಡಿನ ಗೋಡೆಗೆ ಒತ್ತಿಕೊಂಡು ಮಂಚದ ಮೇಲೆ ಮಲಗಿದೆ. ಸುಳ್ಳೇಕೆ, ಅಪ್ಪನಿಗೆ ತೋರಿಸಲೆಂದೇ ಮಲಗಿದ್ದು. ಹೊರಗೆ ಉರಿಬಿಸಿಲು, ಒಳಗೆ ಎ.ಸಿ.ಯ ತಂಪು. ನಿಜವಾಗಿಯೇ ನಿದ್ದೆ ಹತ್ತಿಬಿಟ್ಟಿತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಅಪ್ಪ ಮೆಟ್ಟಿಲ ಮೇಲೆ ಕೂತಿದ್ದರು. ಅಷ್ಟು ಹೊತ್ತೂ ಅಲ್ಲಿಂದ ಅಲುಗಲಿಲ್ಲ, ಯಾರನ್ನೂ ಮಾತಾಡಗೊಡಲಿಲ್ಲ ಎಂದು ಇವರು ಆಮೇಲೆ ಹೇಳಿದರು.

“ನಿದ್ದೆ ಬಂತಾ?” ಎಂದರು ಅಪ್ಪ.

“ಗೊರಕೆ ಕೇಳ್ಲಿಲ್ವಾ ನಿಮಗೆ?” ಎಂದೆ.

ಅವರು ಎದ್ದು ಲುಂಗಿಯ ಮರಳು ಕೊಡವಿದರು. ಸ್ಕ್ರೂಡ್ರೈವರ್ ತೆಗೆದುಕೊಂಡು ಅಳಿಯನ ಕಡೆ ತಿರುಗಿ ತಮ್ಮ ಎಂದಿನ ದೊಡ್ಡ ದನಿಯಲ್ಲಿ ಕೇಳಿದರು:

“ಹೊರಗೆ ಒಂದು ಲೈಟ್ ಬೇಕಲ್ಲ, ಎಲ್ಲಿ ಹಾಕುವ?”