ಸರ್ವೇಯರ್ ಗಾಡಿಯ ಸೊಟ್ಟ ಆಕ್ಸಲ್

ನನ್ನ ಗಂಡ ಜಮೀನು ಅಳೆಯುವ ಸರ್ವೇಯರ್. ಸೇಡಂ, ಚಿಂಚೋಳಿ, ಚಿತ್ತಾಪುರದ ಕಡೆ ಅಣ್ಣ ತಮ್ಮಂದಿರು ಬದುವಿಗಾಗಿ ಮಾತು ಬಿಟ್ಟಾಗ ಇಬ್ಬರ ನಡುವೆ ಟೇಪು ಹಿಡಿದು ನಿಲ್ಲುವುದು ಅವರ ಕೆಲಸ. ನಾನು ಸೇಡಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಅವರ ಟೇಪು ಮೂವತ್ತು ಮೀಟರಿನದು, ನನ್ನದು ಐದು ಅಡಿಯದು. ಇಬ್ಬರಲ್ಲಿ ಯಾರ ಅಳತೆ ಹೆಚ್ಚು ಖರೆ ಎಂಬ ವಾದ ಮದುವೆಯಾದ ಮೊದಲ ವರ್ಷ ಶುರುವಾದದ್ದು ಇನ್ನೂ ಮುಗಿದಿಲ್ಲ.

ಹೋದ ಮಳೆಗಾಲಕ್ಕೆ ಮುಂಚೆ ಅವರು ತಮ್ಮ ಹಳೆಯ ಗಾಡಿಯನ್ನು ಎರಡು ಇಂಚು ಎತ್ತರ ಮಾಡಿಸಿಕೊಂಡು ಬಂದರು. ಚಿಂಚೋಳಿ ಕಡೆಯ ಹೊಲದ ದಾರಿಗಳಲ್ಲಿ ಗಾಡಿಯ ಹೊಟ್ಟೆ ಕಲ್ಲಿಗೆ ತಗಲುತ್ತಿತ್ತು. ಒಮ್ಮೆ ಸೈಲೆನ್ಸರ್ ಕಳಚಿ, ಅದನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು, ಊರಿಗೆಲ್ಲ ಕೇಳುವ ಸದ್ದು ಮಾಡುತ್ತ ಮನೆಗೆ ಬಂದಿದ್ದರು. ಹಾಗಾಗಿ ಶಹಾಬಾದಿನ ಒಬ್ಬ ಮಿಸ್ತ್ರಿಯ ಹತ್ತಿರ ಹೋಗಿ ನಾಲ್ಕೂ ಕಡೆ ಉದ್ದನೆಯ ಸ್ಪ್ರಿಂಗ್ ಹಾಕಿಸಿದರು. ಮನೆ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದರು.

"ಹೆಂಗದ?" ಅಂದರು.

"ಛಲೋ ಅದ. ಹತ್ತಾಕ ನಿಚ್ಚಣಿಕಿ ಎಲ್ಲಿ ಇಟ್ಟೀರಿ?" ಅಂದೆ. ಸೀರೆ ಉಟ್ಟು ಹತ್ತುವವಳ ಕಷ್ಟ ಸ್ಪ್ರಿಂಗ್ ಹಾಕಿಸುವವರಿಗೆ ಹೇಗೆ ಗೊತ್ತಾಗಬೇಕು!

ಅದಾದ ಮೇಲೆ ಒಂದು ದಿನ ಕುರಕುಂಟಾದಲ್ಲಿ ನೆಂಟರ ಮನೆಯ ಕಾರ್ಯ ಮುಗಿಸಿ ಬರುತ್ತಿದ್ದೆವು. ಗಾಡಿಯಲ್ಲಿ ಅವರ ಕಡೆಯ ಹಿರಿಯರು ತುಂಬಿಕೊಂಡಿದ್ದರಿಂದ ನಾನು ತಂಗಿಯ ಸ್ಕೂಟರಿನ ಹಿಂದೆ ಕೂತಿದ್ದೆ. ಹಿರಿಯರೆಲ್ಲ ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಇಳಿದರು. ಅಲ್ಲಿಂದ ಮನೆಯವರೆಗೆ ಖಾಲಿ ಗಾಡಿ ನಮ್ಮ ಮುಂದೆ ಹೋಗುತ್ತಿತ್ತು. ಅದರ ಬೆನ್ನು ನೋಡಿದವಳಿಗೆ ಕಣ್ಣಲ್ಲಿ ಹರಳು ಬಿದ್ದಂತಾಯಿತು. ಬಲಗಡೆಯ ಹಿಂದಿನ ಟಯರು ಹೊರಗೆ ಇಣುಕಿದಂತಿತ್ತು. ಎಡಗಡೆಯದು ಒಳಗೆ ಅಡಗಿದಂತಿತ್ತು. ಒಂದು ತೋಳು ಮುಂದೆ, ಒಂದು ತೋಳು ಹಿಂದೆ ಇಟ್ಟು ಹೊಲಿದ ಬ್ಲೌಸಿನ ಹಾಗೆ.

ಮನೆಗೆ ಬಂದ ಮೇಲೆ ಹೇಳಿದೆ. "ರೀ, ನಿಮ್ಮ ಗಾಡಿ ಸೊಟ್ಟ ಹೊಂಟದ."

"ರಸ್ತೇನ ಸೊಟ್ಟ ಅದ."

"ರಸ್ತಿ ಅಲ್ಲ. ಹಿಂದಿನ ಗಾಲಿ ಒಂದ್ ಕಡಿ ಸರದಾವ."

ಸರ್ವೇಯರಿಗೆ ಹೀಗೆ ಹೇಳಬಾರದು. ಮುಖ ಕೆಂಪಾಯಿತು. ಹೊರಗೆ ಹೋಗಿ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಎದ್ದಾಗ ಸ್ವರ ಇಳಿದಿತ್ತು.

"ಹೌದಲೇ. ಬಲಕ್ಕ ಯಾಕ ಸರೀತು?"

ನಾನು ಏನೂ ಅರಿಯದವಳ ಹಾಗೆ, "ಬಲಗಡಿ ಅಂದ್ರ ನೀವು ಕುಂದ್ರೋ ಕಡಿ ಅಲ್ರಿ?" ಅಂದೆ.

ದೇವರಾಣೆ, ನಾನು ಹೊಟ್ಟೆಯ ಸುದ್ದಿ ತೆಗೆಯಲಿಲ್ಲ. ಅವರ ಕೈಯೇ ತಾನಾಗಿ ಅಂಗಿಯ ಮೇಲೆ, ಗುಂಡಿಗಳು ಉಸಿರು ಬಿಗಿಹಿಡಿದು ನಿಂತ ಜಾಗಕ್ಕೆ ಹೋಯಿತು. ಹಾಗೇ ಒಳಗೆ ಹೋದರು. ಆ ರಾತ್ರಿ ನಾಲ್ಕು ರೊಟ್ಟಿ ತಿನ್ನುವವರು ಎರಡಕ್ಕೆ ಕೈ ತೊಳೆದರು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಮನುಷ್ಯ ಇಲ್ಲ. ರೈಲ್ವೆ ಸ್ಟೇಷನ್ ತನಕ ವಾಕಿಂಗ್ ಹೋಗಿದ್ದರು.

ಅವರು ಹೋದಾಗ ನಾನು ನನ್ನ ಟೇಪು ತೆಗೆದುಕೊಂಡು ಹೊರಗೆ ಬಂದೆ. ನಮ್ಮ ಅಂಗಳಕ್ಕೆ ಹಾಸಿದ್ದು ಶಹಾಬಾದ್ ಕಲ್ಲು, ನೀರು ಚೆಲ್ಲಿದರೆ ಎತ್ತ ಹರಿಯಬೇಕೆಂದು ಯೋಚಿಸುವಷ್ಟು ಸಮ. ನೆಲದಿಂದ ಗಾಲಿಯ ಮೇಲಿನ ತಗಡಿನ ಅಂಚಿನವರೆಗೆ ಬಲಗಡೆ ಅಳೆದೆ, ಎಡಗಡೆ ಅಳೆದೆ. ಎರಡೂ ಒಂದೇ. ಗಂಡನ ಭಾರಕ್ಕೆ ಸ್ಪ್ರಿಂಗ್ ಸೋತಿದ್ದರೆ ಬಲಗಡೆ ತಗ್ಗಬೇಕಿತ್ತು. ಗಾಡಿ ತಗ್ಗಿರಲಿಲ್ಲ, ಎರಡು ಗಾಲಿಗಳನ್ನು ಕೂಡಿಸುವ ಆಕ್ಸಲ್ ಅಡ್ಡಕ್ಕೆ ಸರಿದಿತ್ತು. ಹೊಟ್ಟೆ ನಿರಪರಾಧಿ.

ಇದನ್ನು ನಾನು ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಡಾಕ್ಟರು ಎರಡು ವರ್ಷದಿಂದ ಹೇಳಿದರೂ ಆಗದ ಕೆಲಸ ಒಂದು ಟಯರಿನಿಂದ ಆಗುತ್ತಿರುವಾಗ ಅದಕ್ಕೆ ಅಡ್ಡ ಬರಲು ಮನಸ್ಸಾಗಲಿಲ್ಲ. ಅಲ್ಲದೆ ನೋಡಲು ಭಾಳ ಮಜಾ ಇತ್ತು. ದಿನಾ ಸಂಜೆ ಗಾಡಿಯ ಹಿಂದೆ ಕೂತು, ಟಯರು ಏನಾದರೂ ಒಳಗೆ ಹೋಯಿತೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. "ಸ್ವಲ್ಪ ಫರಕ್ ಕಾಣ್ತದ" ಅನ್ನುತ್ತಿದ್ದರು. "ಹೌದ್ರಿ, ಕಾಣ್ತದ" ಅಂತ ನಾನೂ ಅನ್ನುತ್ತಿದ್ದೆ.

ಮೂರು ವಾರ ಹೀಗೆ ನಡೆಯಿತು. ಆಮೇಲೆ ಕಾಳಗಿಯಿಂದ ಅವರ ಗೆಳೆಯ ಬಂದ. ಹಳೆಯ ಗಾಡಿ ಕೊಂಡು ಮಾರುವ ಮನುಷ್ಯ, ನಗುವಾಗಲೂ ಕಣ್ಣು ಗಾಡಿಯ ಮೇಲೇ ಇರುತ್ತದೆ. ಒಂದು ಸುತ್ತು ಹಾಕಿ ತಲೆ ಆಡಿಸಿದ.

"ಚಾಸಿ ಬೆಂಡ್ ಆಗ್ಯಾದ ದೋಸ್ತ. ಇದು ಇನ್ನ ನೆಟ್ಟಗಾಗಂಗಿಲ್ಲ. ನೀ ಅಂತ ಹೇಳಿ ನಾ ತಗೋತೀನಿ. ಬ್ಯಾರೆಯವ್ರು ಗುಜರಿಗಿ ಕೇಳ್ತಾರ."

ಚಾಸಿ ಅಂದರೆ ಗಾಡಿಯ ಬೆನ್ನೆಲುಬು. ಅದು ಬಾಗಿದೆ ಎಂದ ಮೇಲೆ ನನ್ನವರ ಮುಖ ಪೂರ್ತಿ ಬಿತ್ತು. ಆಯಿತು, ಸೋಮವಾರ ಬಾ ಎಂದು ಹೇಳಿ ಕಳಿಸಿಯೂ ಬಿಟ್ಟರು. ಆ ಗಾಡಿಯಲ್ಲೇ ನಮ್ಮ ಮಗಳನ್ನು ಹೆರಿಗೆಗೆ ಕಲಬುರಗಿಗೆ ಕರೆದೊಯ್ದಿದ್ದೆವು. ಅದರ ಬಾಗಿಲಿಗೆ ಒರಗಿ ನಿಂತ ಅವರನ್ನು ನೋಡಿ ನನಗೆ ಚೇಷ್ಟೆ ಸಾಕೆನಿಸಿತು.

ಭಾನುವಾರ ಬೆಳಿಗ್ಗೆ ಅವರನ್ನು ಅಂಗಳಕ್ಕೆ ಕರೆದೆ. "ಮಾರೂಕಿಂತ ಮೊದ್ಲ ಒಮ್ಮೆ ಅಳತಿ ಮಾಡ್ರಿ. ಊರ ಹೊಲ ಅಳೀತೀರಿ, ಮನಿ ಗಾಡಿ ಅಳ್ಯಾಕ ಏನಾಗ್ಯಾದ?"

ಹೊಲಿಗೆ ದಾರಕ್ಕೆ ಒಂದು ನಟ್ಟು ಕಟ್ಟಿ, ಗಾಲಿಯ ಮೇಲಿನ ಅಂಚಿನಿಂದ ಇಳಿಬಿಟ್ಟೆ. ದಾರ ನೆಟ್ಟಗೆ ನಿಂತ ಮೇಲೆ ಅದರಿಂದ ಟಯರಿನವರೆಗೆ ಎಷ್ಟು ಜಾಗ ಎಂದು ಅಳೆದೆವು. ಎಡಗಡೆ ಸರಿಯಾಗಿ ಒಂದು ಇಂಚು. ಬಲಗಡೆ ಬರೀ ಕಾಲು ಇಂಚು. ಆಮೇಲೆ ಅವರ ಉದ್ದ ಟೇಪು ಹಿಡಿದು ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ ಎರಡೂ ಬದಿ ಅಳೆದೆವು. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೂಲೆಯಿಂದ ಮೂಲೆಗೆ ಚಾಸಿಯನ್ನು ಅಳೆದೆವು. ಅದೂ ಸಮ.

ಅವರ ಕಣ್ಣಿಗೆ ಕಳೆ ಬಂತು. "ಚಾಸಿ ನೆಟ್ಟಗದ! ಆಕ್ಸಲ್ ಓರೆನೂ ಆಗಿಲ್ಲ. ಬರೇ ಅಡ್ಡ ಸರದದ."

ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದರು. ನಾನು ಇನ್ನೊಂದು ಬದಿಯಿಂದ ತಲೆ ಹಾಕಿದೆ. ಬಲಗಡೆ ಚಾಸಿಗೆ ಒಂದು ತುದಿ, ಎಡಗಡೆ ಆಕ್ಸಲ್‌ಗೆ ಇನ್ನೊಂದು ತುದಿ ಬಿಗಿದ ಒಂದು ಕಬ್ಬಿಣದ ರಾಡು ಅಡ್ಡಲಾಗಿ ಇತ್ತು. ಆಕ್ಸಲ್ ಅತ್ತಿತ್ತ ಹೋಗದ ಹಾಗೆ ಹಿಡಿಯುವುದೇ ಅದರ ಕೆಲಸ.

"ಈ ರಾಡು ಭಾಳ ಇಳಿಜಾರ ಆಗ್ಯಾದಲ್ರಿ? ಗ್ವಾಡಿಗಿ ಇಟ್ಟ ನಿಚ್ಚಣಿಕಿ ಇದ್ದಂಗ?" ಅಂದೆ.

ಅವರು ಕೆಳಗಿನಿಂದಲೇ ಓಣಿಗೆ ಕೇಳುವ ಹಾಗೆ ಕೂಗಿದರು. "ತ್ರಿಕೋನದ ಕರ್ಣ ಅಷ್ಟೇ ಅದ! ಎತ್ತರ ಹೆಚ್ಚಾತು! ಪಾದ ಕಡಿಮಿ ಆತು!" ಅಲ್ಲೇ ಏಳಲು ಹೋಗಿ ಹಣೆ ಬಡಿದುಕೊಂಡರು.

ಏಣಿಯ ಮೇಲಿನ ತುದಿಯನ್ನು ಗೋಡೆಯ ಮೇಲೆ ಇನ್ನೂ ಏರಿಸಿದರೆ ಕೆಳಗಿನ ತುದಿ ಗೋಡೆಯ ಹತ್ತಿರ ಸರಿಯಲೇಬೇಕು. ಹಾಗೇ ಚಾಸಿ ಎರಡು ಇಂಚು ಮೇಲೇರಿದಾಗ ಆ ರಾಡು ಆಕ್ಸಲ್ಲನ್ನು ತನ್ನ ಕಡೆ, ಅಂದರೆ ಬಲಕ್ಕೆ, ಎಳೆದುಕೊಂಡಿತ್ತು.

"ಹಂಗಿದ್ರ ಗಾಡಿ ಕೆಳಗ ಇಳಿಸಿದ್ರ ಗಾಲಿ ಒಳಗ ಹೋಗಬೇಕಲ್ಲ? ನೋಡೇಬಿಡೋಣು" ಅಂದೆ.

"ಇಳಸೂದು ಹೆಂಗ?"

ಅಷ್ಟರಲ್ಲಿ ಬ್ಲೌಸಿನ ಅಳತೆ ಕೊಡಲು ಓಣಿಯ ಹೆಂಗಸರು ಬಂದಿದ್ದರು. ಮನೆಯಲ್ಲಿ ಮದುವೆ ಇಟ್ಟುಕೊಂಡವರು, ಒಟ್ಟು ಆರು ಮಂದಿ, ಎಲ್ಲರೂ ಉಂಡು ತಿಂದು ಛಲೋ ಇದ್ದವರು. ಎಲ್ಲರನ್ನೂ ಗಾಡಿಯ ಹಿಂಭಾಗಕ್ಕೆ ಹತ್ತಿಸಿದೆ.

"ಎಲ್ಲಿಗಿ ಕರಕೊಂಡು ಹೊಂಟೀಯವ್ವ? ಸನ್ನತಿ ಗುಡಿಗೇನು?" ಎಂದು ಅವರಲ್ಲಿ ಹಿರಿಯಳು ಕೇಳಿದಳು.

"ಎಲ್ಲಿಗೂ ಇಲ್ಲ, ಸುಮ್ಮ ಕುಂದ್ರಿ. ಸ್ವಲ್ಪ ಜಿಗದಾಡ್ರಿ."

"ಅಳತಿ ಕೊಡಾಕ ಬಂದ್ರ ತೂಕ ಮಾಡಾಕತ್ತಾಳಲ್ಲೇ ಇಕಿ!"

ನಗುತ್ತಲೇ ಕುಣಿದಾಡಿದರು. ಗಾಡಿ ಕುಗ್ಗಿತು. ನಟ್ಟು ನೆಲಕ್ಕೆ ತಾಗಿತು, ದಾರ ಗಿಡ್ಡ ಮಾಡಿ ಮತ್ತೆ ಅಳೆದೆವು. ಬಲಗಡೆ ಕಾಲು ಇಂಚು ಇದ್ದದ್ದು ಅರ್ಧ ಇಂಚು ಆಗಿತ್ತು. ಹೆಂಗಸರು ಇಳಿದರು, ಗಾಡಿ ಎದ್ದಿತು, ಅಳತೆ ಮತ್ತೆ ಕಾಲು ಇಂಚಿಗೆ ಬಂತು. ಇನ್ನೊಮ್ಮೆ ಹತ್ತಿಸಿದರು ನನ್ನವರು. ಮೂರನೇ ಸಲ ಹಿರಿಯಳು ಕೈ ಮುಗಿದಳು.

ಅವರೆಲ್ಲ ಹೋದ ಮೇಲೆ ನನ್ನವರು ಟೇಪು ಸುತ್ತುತ್ತ ನಿಂತು ನಿಧಾನವಾಗಿ ಕೇಳಿದರು. "ಆರು ಮಂದಿ ಕುಂತ್ರ ಗಾಲಿ ಒಳಗ ಹೋಗ್ತದ ಅಂದ್ರ, ನಾ ಕುಂತ್ರ ಹೊರಗ ಹ್ಯಾಂಗ ಬರ್ತದ?"

ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

"ನಿನಗ ಮೊದ್ಲೇ ಗೊತ್ತಿತ್ತು."

"ಮರದಿನಾನೇ ಗೊತ್ತಾಗಿತ್ರಿ."

"ಮೂರು ವಾರ ಎರಡು ರೊಟ್ಟಿ ತಿಂದೀನಿ!"

"ಅಂಗಿ ಗುಂಡಿ ಈಗ ಹಾಕಾಕ ಬರ್ತಾವಲ್ರಿ?" ಅಂದೆ. ಸಿಟ್ಟು ಬಂದಿತ್ತು, ಆದರೆ ಗುಂಡಿಯ ಮಾತು ಖರೆ ಇತ್ತು. ಕಾಳಗಿಯ ಗೆಳೆಯನಿಗೆ ಫೋನ್ ಮಾಡಿ ಗಾಡಿ ಮಾರುವುದಿಲ್ಲ ಎಂದು ಹೇಳಿದರು. ಆ ರಾತ್ರಿ ಎಣಿಸಿ ನಾಲ್ಕು ರೊಟ್ಟಿ ತಿಂದರು.

ಸೋಮವಾರ ಶಹಾಬಾದಿಗೆ ಹೋದೆವು. ಮಿಸ್ತ್ರಿ ಅರವತ್ತು ದಾಟಿದ, ಬಿಳಿ ಗಡ್ಡದ ಶಾಂತ ಮನುಷ್ಯ. ಮೊದಲು ಬೋಲ್ಟು, ಬುಷ್ ಯಾವುದಾದರೂ ಸಡಿಲಾಗಿದೆಯೇ ನೋಡಿದ. ಆಮೇಲೆ ನಮ್ಮ ಅಳತೆಯ ಚೀಟಿ ಓದಿ ನನ್ನ ಕಡೆ ತಿರುಗಿದ.

"ಬರೋಬ್ಬರಿ ಹಿಡದೀರಿ ಅಕ್ಕಾರ. ಆದ್ರ ನಾ ಸ್ಪ್ರಿಂಗ್ ಹಾಕಿದ ದಿನಾನೇ ಸಾಹೇಬ್ರಿಗಿ ಹೇಳಿದ್ದೆ. ಅಡ್ಡ ರಾಡು ಬದಲಿ ಮಾಡೂನು, ಇಲ್ಲಾಂದ್ರ ಆಕ್ಸಲ್ ಸರೀತದ ಅಂತ. ಜಲ್ದಿ ಅದ, ಮುಂದ ನೋಡೂನು ಅಂದ್ರು."

ನಾನು ನನ್ನವರನ್ನು ನೋಡಿದೆ. ಅವರು ಗೋಡೆಗೆ ಒರಗಿಸಿದ ಒಂದು ಹಳೇ ಟಯರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಹಂಗಂದಿದ್ರೇನ್ರಿ?"

"ಅಂದಿರಬೇಕು. ನೆನಪಿಲ್ಲ."

ಕಿವಿಯ ತುದಿ ಕೆಂಪಾಗಿತ್ತು. ಅಲ್ಲಿಗೆ ಇಬ್ಬರ ತಪ್ಪೂ ಸರಿಸಮ ಆಯಿತು, ನನ್ನ ಮೂರು ವಾರದ ಪಾಪ ಹಗುರಾಯಿತು.

ಮಿಸ್ತ್ರಿ ಹಳೇ ರಾಡು ಬಿಚ್ಚಿ, ತಿರುಗಿಸಿದರೆ ಉದ್ದ ಗಿಡ್ಡ ಆಗುವ ಇನ್ನೊಂದು ರಾಡು ಹಾಕಿದ. ಗಾಡಿಯನ್ನು ಜಾಕಿನಿಂದ ಇಳಿಸಿ, ಅದರ ಭಾರ ಪೂರ್ತಿ ಗಾಲಿಗಳ ಮೇಲೆ ಬಿದ್ದ ಮೇಲೆ ರಾಡನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡಿದ. ನಾನು ದಾರ ಹಿಡಿದೆ, ನನ್ನವರು ಟೇಪು ಹಿಡಿದರು. ಎಂಟು ನೂಲಿಗೆ ಒಂದು ಇಂಚು; ಬಲಗಡೆ ಐದು ನೂಲು, ಎಡಗಡೆ ಐದು ನೂಲು ಬಂದಾಗ ಇಬ್ಬರೂ ಒಟ್ಟಿಗೆ "ಸಾಕು" ಅಂದೆವು. ಮಿಸ್ತ್ರಿ ಬೋಲ್ಟು ಬಿಗಿದು ಚಹಾ ತರಿಸಿದ.

ವಾಪಸು ಬರುವಾಗ ವಾಡಿ ದಾಟಿ ಚಿತ್ತಾಪುರದ ದಾರಿಗೆ ಬಿದ್ದೆವು. ರಸ್ತೆ ನೆಟ್ಟಗಿರುವ ಒಂದು ಕಡೆ ಅವರು ಗಾಡಿ ನಿಲ್ಲಿಸಿದರು.

"ನೀ ಸ್ವಲ್ಪ ಮುಂದ ನಡಸು. ನಾ ಹಿಂದ ನಿಂತು ನೋಡ್ತೀನಿ" ಎಂದು ಇಳಿದು ರಸ್ತೆಯ ಅಂಚಿಗೆ ನಿಂತು ಒಂದು ಕಣ್ಣು ಮುಚ್ಚಿದರು.

ಗಾಡಿ ಓಡಿಸಲು ನನಗೆ ಅವರೇ ಕಲಿಸಿದ್ದು. ಗೇರು ಹಾಕಿ ಹೊರಟೆ. ನಿಲ್ಲಿಸಬೇಕಾದ ಜಾಗ ಬಂತು. ಗಾಡಿ ಎಷ್ಟು ನೆಟ್ಟಗೆ ಹೋಗುತ್ತಿತ್ತೆಂದರೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ಕನ್ನಡಿಯಲ್ಲಿ ಅವರು ಕೈ ಬೀಸುತ್ತ ಸಣ್ಣಗಾಗುತ್ತ ಹೋದರು. ಮುಂದಿನ ತಿರುವು ದಾಟಿ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ತೊಗರಿ ಹೊಲ ನೋಡುತ್ತ ಕೂತೆ.

ಹತ್ತು ನಿಮಿಷದ ಮೇಲೆ ಕಲ್ಲು ಹೇರಿದ ಒಂದು ಟ್ರ್ಯಾಕ್ಟರ್ ಬಂತು. ಡ್ರೈವರನ ಪಕ್ಕ ಮಡ್‌ಗಾರ್ಡಿನ ಮೇಲೆ, ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡು ನನ್ನ ಗಂಡ ಕೂತಿದ್ದರು, ತಲೆಯ ತುಂಬ ಕಲ್ಲಿನ ಪುಡಿ. ಇಳಿದು ಬಂದು ಕಿಟಕಿಯ ಹತ್ತಿರ ನಿಂತರು. ಬೈಯುತ್ತಾರೆಂದು ಕಾದೆ.

"ನೆಟ್ಟಗದ" ಅಂದರು. ಆಮೇಲೆ ನಗು ತಡೆಯಲಾಗದೆ ಬಾಗಿಲು ಹಿಡಿದುಕೊಂಡರು. "ಸೇಡಂ ತನಕ ನೀನೇ ನಡಸು. ಇನ್ನೊಮ್ಮಿ ನಿನ್ನ ಹಿಂದ ನಿಂದ್ರೋ ಧೈರ್ಯ ನನಗಿಲ್ಲ."

ನಾನು ಸ್ಟಿಯರಿಂಗಿನ ಮುಂದಿನಿಂದ ಅಲುಗಲಿಲ್ಲ. ಅವರು ಸುತ್ತಿ ಬಂದು ಎಡಗಡೆ ಹತ್ತಿ, ತಲೆಯ ಪುಡಿಯನ್ನು ನನ್ನ ಸೀರೆಯ ಮೇಲೆ ಸಮಾಧಾನವಾಗಿ ಕೊಡವಿದರು.