ಅಳಿಯನ ಕಾರಿಗೆ ಮೇಲಿನ ದರದ ಪೆಟ್ರೋಲು

ನಮ್ಮ ಮನೆಗೆ ಇಬ್ಬರು ಅಳಿಯಂದಿರು. ಒಬ್ಬ ಅಕ್ಕನ ಗಂಡ, ಇನ್ನೊಂದು ಅವನ ಬಿಳಿ ಅಂಬಾಸಿಡರ್ ಕಾರು. ಮರ್ಯಾದೆಯಲ್ಲಿ ಕಾರೇ ಒಂದು ಕೈ ಮೇಲು.

ಎಂಬತ್ತರ ದಶಕದ ಮಾತು. ಅಪ್ಪ ಜೇವರ್ಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಅಕ್ಕನನ್ನು ಅಫಜಲಪುರದ ಗುತ್ತಿಗೆದಾರನೊಬ್ಬನಿಗೆ ಕೊಟ್ಟಿದ್ದೆವು. ನಾನು ಗುಲಬರ್ಗಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಶನಿವಾರ ಊರಿಗೆ ಬರುತ್ತಿದ್ದೆ. ಮನೆಗೆ ಬಂದ ಅಳಿಯ ಹೊರಡುವಾಗ ಬಟ್ಟೆ, ಕಾಯಿ ಕೊಟ್ಟು ಆಯೇರಿ ಮಾಡಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಅವನು ಕಾರಿನಲ್ಲಿ ಬರಲು ಶುರುಮಾಡಿದ ಮೇಲೆ ಆಯೇರಿಯ ಜೊತೆಗೆ ಕಾರಿನ ಟಾಕಿ ತುಂಬಿಸುವುದೂ ಸೇರಿಕೊಂಡಿತು. ಯಾರು ಸೇರಿಸಿದರೋ ದೇವರೇ ಬಲ್ಲ. ಬಿಡೋಣ ಎಂದರೆ ಮಾತ್ರ ಊರೆಲ್ಲ ಆಡಿಕೊಳ್ಳುತ್ತದೆ.

ಮೊದಲ ಸಲ ನಮ್ಮೂರ ಪಂಪಿನಲ್ಲೇ ತುಂಬಿಸಿದೆವು. ಮುಂದಿನ ಸಲ ಬಂದವನು ಕಟ್ಟೆಯ ಮೇಲೆ ಕೂತು, ಚಹಾ ಬಸಿಯಲ್ಲಿ ಸುರುವಿಕೊಳ್ಳುತ್ತ ತಕರಾರು ತೆಗೆದ.

"ನಿಮ್ಮೂರ ಪೆಟ್ರೋಲ್ ಹಾಕ್ಕೊಂಡು ಹೋದೆ ನೋಡ್ರಿ, ಚೌಡಾಪುರ ದಾಟೂದ್ರಾಗ ಗಾಡಿ ಕೆಮ್ಮಾಕತ್ತು. ನಮ್ಮ ಗಾಡಿಗಿ ಮ್ಯಾಲಿನ ರೇಟಿಂದೇ ಬೇಕ್ರಿ."

ಸಾದಾದಕ್ಕಿಂತ ದುಬಾರಿಯಾದ, ಮೇಲಿನ ದರದ ಆ ಪೆಟ್ರೋಲು ಸಿಗುತ್ತಿದ್ದದ್ದು ಗುಲಬರ್ಗಾದ ಒಂದೇ ಪಂಪಿನಲ್ಲಿ. ಈಗ ನೀವೇ ಲೆಕ್ಕ ಹಾಕಿ. ಅಫಜಲಪುರದಿಂದ ಅವನು ಬರುತ್ತಿದ್ದದ್ದು ಗುಲಬರ್ಗಾದ ಮೇಲೆಯೇ, ಹೋಗುತ್ತಿದ್ದದ್ದೂ ಅದೇ ದಾರಿಯಲ್ಲಿ. ಬರುವಾಗಲೂ ಹೋಗುವಾಗಲೂ ಆ ಪಂಪಿನ ಮುಂದೆಯೇ ಹಾಯಬೇಕು. ಅಲ್ಲಿ ನಿಲ್ಲಿಸಿ ತುಂಬಿಸಿಕೊಂಡರೆ ಮುಗಿಯಿತಲ್ಲ? ಊಹೂಂ. ಮಾವನ ಮನೆಯ ಅಂಗಳದಲ್ಲಿ, ನಾಲ್ಕು ಜನರ ಎದುರು ಕಾರಿನ ಬಾಯಿಗೆ ಬೀಳಬೇಕು. ಹಾಗಾಗಿ ಗುಲಬರ್ಗಾದ ಪೆಟ್ರೋಲು ಕ್ಯಾನಿನಲ್ಲಿ ಜೇವರ್ಗಿಗೆ ಬಂದು, ಕಾರಿನೊಳಗೆ ಕೂತು, ಮತ್ತೆ ಗುಲಬರ್ಗಾಕ್ಕೇ ಹೋಗುತ್ತಿತ್ತು.

ತರುವ ಕೆಲಸ ನನ್ನದು. ಕ್ಯಾನು ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರ್ ಮೂಗು ಮುಚ್ಚಿಕೊಂಡು ಇಳಿಸಿಬಿಡುತ್ತಿದ್ದ. ಅವನದೇನೂ ತಪ್ಪಿಲ್ಲ. ಬಜಾರಿಗೆ ಮಾಲು ತರುವ ಲಾರಿಯವರ ಕೈಕಾಲು ಹಿಡಿದು ತರುತ್ತಿದ್ದೆ. ಕ್ಯಾನು ಮನೆ ಸೇರಿತೆಂದರೆ ಅವ್ವನಿಗೆ ಒಲೆ ಹಚ್ಚಲು ಭಯ. ಅಪ್ಪ ಬೀಡಿ ಸೇದಲು ಓಣಿಯ ತುದಿಗೆ ಹೋಗುತ್ತಿದ್ದರು. ಇಷ್ಟು ವೈಭವ ನಮ್ಮ ಮನೆದೇವರಿಗೂ ಇರಲಿಲ್ಲ.

ನನ್ನ ಸಿಟ್ಟು ದುಡ್ಡಿಗಲ್ಲ, ಸುಳ್ಳಿಗೆ. ಎಂಜಿನ್ನಿನೊಳಗೆ ಪೆಟ್ರೋಲಿನ ಆವಿಯನ್ನು ಗಾಳಿಯ ಜೊತೆ ಒತ್ತಿ, ಆಮೇಲೆ ಕಿಡಿ ಕೊಡುತ್ತಾರೆ. ತೀರ ಜೋರಾಗಿ ಒತ್ತುವ ಎಂಜಿನ್ನಿನಲ್ಲಿ ಸಾದಾ ಪೆಟ್ರೋಲು ಹೊತ್ತಲ್ಲದ ಹೊತ್ತಿಗೆ ಹತ್ತಿಕೊಂಡು ಟಕಟಕ ಬಡಿಯುತ್ತದೆ. ಮೇಲಿನ ದರದ್ದು ಆ ಒತ್ತಡವನ್ನು ತಡೆದುಕೊಳ್ಳುತ್ತದೆ. ಅದರ ಗುಣ ಅಷ್ಟೇ. ಅವನದು ಹಳೆಯ ನಮೂನೆಯ, ಮೆತ್ತಗೆ ಒತ್ತುವ ಎಂಜಿನ್ನು. ಸಾದಾ ಪೆಟ್ರೋಲಿಗೆಂದೇ ಮಾಡಿದ್ದು. ಅದಕ್ಕೆ ದುಬಾರಿಯದು ಕುಡಿಸಿದರೆ ಓಟವೂ ಹೆಚ್ಚುವುದಿಲ್ಲ, ಆಯುಷ್ಯವೂ ಹೆಚ್ಚುವುದಿಲ್ಲ. ಇದನ್ನು ಒಮ್ಮೆ ತಗ್ಗಿ ಬಗ್ಗಿಯೇ ಹೇಳಿದೆ. ಅವನು ಅಪ್ಪನ ಕಡೆ ನೋಡಿ ನಕ್ಕ.

"ಮಾಸ್ತರ್ರ ಪಾಠ ಶಾಲ್ಯಾಗ ಇರಲಿ ಅಂತ ಹೇಳ್ರಿ."

ಅಪ್ಪ ನನ್ನನ್ನು ಒಳಗೆ ಕರೆದು ಗದರಿದರು. "ಬಾಯಿ ಮುಚ್ಕೊಂಡಿರು ಲೇ ತಮ್ಮಾ. ಅವರು ಮುನಿಸಿಕೊಂಡ್ರ ನಿಮ್ಮಕ್ಕನ್ನ ಕಳಸ್ತಾರೇನು?"

ನಮ್ಮನ್ನೆಲ್ಲ ಕಟ್ಟಿಹಾಕಿದ್ದು ಈ ಮಾತು. ಅಕ್ಕ ವರ್ಷಕ್ಕೊಮ್ಮೆ ನಾಗರಪಂಚಮಿಗೆ ತವರು ಕಾಣಬೇಕೆಂದರೆ ಆ ಕಾರು ಸಂತೋಷವಾಗಿರಬೇಕು. ಅಫಜಲಪುರದಲ್ಲಿ ಅದು ಏನು ಕುಡಿಯುತ್ತದೆ ಎಂದು ಒಮ್ಮೆ ಅಕ್ಕನನ್ನು ಕೇಳಿದೆ. "ಅಲ್ಲಿ ಸಾದಾದೇ. ಬ್ಯಾರೆ ಎಲ್ಲಿ ಸಿಗತದ?" ಎಂದಳು. ವರ್ಷವಿಡೀ ಸಾದಾ ಕುಡಿದು ಓಡುವ ಕಾರು ನಮ್ಮ ಅಂಗಳಕ್ಕೆ ಬಂದ ಕೂಡಲೇ ಕೆಮ್ಮುತ್ತಿತ್ತು! ಅಂದು ನನಗೆ ಬಂದ ಸಿಟ್ಟಿಗೆ ಆ ಕ್ಯಾನನ್ನು ಭೀಮಾ ನದಿಗೆ ಒಗೆಯಬೇಕಿತ್ತು.

ಒಂದು ಪಂಚಮಿಗೆ ಗುಲಬರ್ಗಾದ ಪಂಪಿನಲ್ಲಿ ಆ ಪೆಟ್ರೋಲು ಮುಗಿದುಹೋಗಿತ್ತು. ಬರಿಗೈಯಲ್ಲಿ ಬಂದೆ. ಹಬ್ಬ ಮುಗಿದು ಗಂಡ ಹೆಂಡತಿ ಹೊರಟ ದಿನ ಅಪ್ಪ ಕೈಮುಗಿದು, "ಈ ಸಲ ಒಂದ್ ಇಲ್ಲೀದೇ ಹಾಕಸ್ತೀವ್ರಿ, ಅಳಿಯಾರ" ಎಂದರು. ಅವನು ಕಾರಿನ ಡಿಕ್ಕಿ ತೆಗೆದು ಅಕ್ಕನ ಬ್ಯಾಗನ್ನು ಮಣ್ಣಿನ ಮೇಲೆ ಇಟ್ಟ.

"ಅಳಿಯಗ ನಿಮ್ಮ ಮನ್ಯಾಗ ಇಷ್ಟ ಕಿಮ್ಮತ್ತು ಅಂತ ಗೊತ್ತಾತು. ಪೆಟ್ರೋಲ್ ತಗೊಂಡು ಬರ್ರಿ, ಹಂಗೇ ಮಗಳ್ನೂ ಕರಕೊಂಡು ಬರ್ರಿ."

ಓಣಿಯ ಜನ ನಿಂತು ನೋಡುತ್ತಿದ್ದರು. ಅವನು ಟಾಕಿಯಲ್ಲಿ ಉಳಿದಿದ್ದ ಸಾದಾ ಪೆಟ್ರೋಲಿನ ಮೇಲೆಯೇ ಭರ್ರೆಂದು ಹೋದ. ಕಾರು ಕೆಮ್ಮಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಟೋಪಿ ಹಾಕಿಕೊಂಡು, ಕ್ಯಾನು ಹಿಡಿದು ನಿಂತಿದ್ದರು. ಗುಲಬರ್ಗಾದಲ್ಲಿ ಸಿಗದಿದ್ದರೆ ಸೊಲ್ಲಾಪುರಕ್ಕೆ ಹೋಗೋಣ, ಅಲ್ಲಿಂದ ನೇರ ಅಫಜಲಪುರಕ್ಕೆ ಒಯ್ದು ಕೊಟ್ಟು ತಪ್ಪಾಯಿತು ಅನ್ನೋಣ ಎಂದರು. ನನಗೆ ಮೈಯೆಲ್ಲ ಉರಿಯಿತು. ಆ ಎಂಜಿನ್ನಿಗೆ ಅದು ಬೇಕಾಗಿಯೇ ಇಲ್ಲ ಎಂದು ಮತ್ತೆ ಪಾಠ ತೆಗೆದೆ. ಅಪ್ಪ ಚೀರಾಡಿದರು, ನಾನೂ ಚೀರಾಡಿದೆ. ಅವ್ವ ಸೆರಗು ಬಾಯಿಗೆ ಹಿಡಿದು, ಊರವರ ಮುಂದೆ ಹೇಗೆ ಮುಖ ತೋರಿಸುವುದು ಎಂದು ಅಳುತ್ತಿದ್ದಳು. ಬಾಗಿಲ ಬಳಿ ಕೂತಿದ್ದ ಅಕ್ಕ ಎದ್ದು ಬಂದು ಅಪ್ಪನ ಕೈಯಿಂದ ಕ್ಯಾನು ತೆಗೆದುಕೊಂಡು ಕೆಳಗಿಟ್ಟಳು.

"ಸಾಕು ಬಿಡ್ರಿ ಅಪ್ಪಾ. ನಾ ಬಂದಾಗಿಂದ ಕಾರು ಏನು ಕುಡೀತದ, ಏನು ಕುಡಿಯಂಗಿಲ್ಲ ಅದೇ ಮಾತಾಡಾಕತ್ತೀರಿ. ಹಬ್ಬಕ್ಕ ಬಳಿ ಇಡಿಸಿದಿರಲ್ಲ, ಹ್ವಾದ ವರ್ಷದ ಅಳತಿ ಬಳಿ ಮೊಣಕೈ ತನಕ ಜಾರಿದ್ವು. ಬಳಿಗಾರಕಿ ಕೇಳಿದ್ಲು, 'ಯಾಕವ್ವಾ, ಹೊಟ್ಟಿಗಿ ಹಾಕಂಗಿಲ್ಲೇನು?' ಅಂತ. ನೀವು ಒಬ್ಬರಾರ ಕೇಳಿದ್ರೇನು?"

ಗಂಡನ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಬುಟ್ಟಿಯಲ್ಲಿ ರೊಟ್ಟಿ ಉಳಿದರೆ ಅವಳ ಊಟ, ಇಲ್ಲದಿದ್ದರೆ ಇಲ್ಲ ಎಂಬುದನ್ನು ಆಮೇಲೆ ಒಂದೊಂದಾಗಿ ಹೇಳಿದಳು. ಹೇಳುವಾಗ ಅಳಲಿಲ್ಲ. ನಾನು ಅವಳ ಕೈ ನೋಡಿದೆ. ಎಂಜಿನ್ನಿನ ಒಳಗೆ ಏನು ನಡೆಯುತ್ತದೆಂದು ಬಲ್ಲ ನಾನು, ಅದೇ ಕೈಯಿಂದ ಹಬ್ಬದ ಉಂಡಿ ಇಸಿದುಕೊಂಡು ತಿಂದಿದ್ದೆ. ಅವನ ಮೇಲಿನ ಸಿಟ್ಟು ಕಾಲಾಂತರದಲ್ಲಿ ಸ್ವಲ್ಪ ಇಳಿದಿದೆ. ನಮ್ಮ ಮೇಲಿನದು ಇಳಿದಿಲ್ಲ.

ಅಪ್ಪ ಟೋಪಿ ತೆಗೆದು ಗೂಟಕ್ಕೆ ಹಾಕಿದರು. "ನೀ ಎಲ್ಲೂ ಹೋಗಬ್ಯಾಡವ್ವಾ. ಇಲ್ಲೇ ಇರು" ಎಂದರು.

ಅವ್ವ ಕಣ್ಣು ಒರೆಸಿಕೊಂಡು ಒಲೆಯ ಮುಂದೆ ಕೂತಳು. "ಏನ್ ಮಾಡ್ಲಿ ನನ್ನವ್ವಾ? ನಿನಗೇನು ತಿನಬೇಕನಸ್ತದ ಹೇಳು" ಎಂದು ಕೇಳಿದಳು.

ಅಕ್ಕ ಬಹಳ ಹೊತ್ತು ಯೋಚಿಸಿದಳು. ಕೊನೆಗೆ, ತನಗೇನು ಇಷ್ಟವೆಂದು ಯಾರಾದರೂ ಹೇಳಿಕೊಟ್ಟಾರೇನೋ ಎಂಬಂತೆ ನಮ್ಮ ಮುಖಗಳನ್ನೇ ನೋಡತೊಡಗಿದಳು.